ಹನ್ನೆರಡು ವ್ಯಾಟ್‌ಗೆ ಬಂದು ನಿಂತ ಕಥೆ: ವೇಪ್ ಸಾಧನವೊಂದರ ಎಂಟು ತಿಂಗಳ ಬಳಕೆ

ಹದಿನಾರು ವರ್ಷ ಸಿಗರೇಟು ಸೇದಿದ ನಾನು ಲಿಕ್ವಿಡ್ ತುಂಬಿಸಿಕೊಂಡು ಬಳಸುವ ವೇಪ್ (ಇ-ಸಿಗರೇಟು) ಸಾಧನವೊಂದನ್ನು 2025ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೊಂಡೆ. ಅದಕ್ಕೆ ಮೊದಲು ಬಳಸಿ ಎಸೆಯುವ ವೇಪ್‌ಗಳ ನೆರವಿನಿಂದ ದಿನಕ್ಕೆ ಹದಿನೈದರಷ್ಟಿದ್ದ ಸಿಗರೇಟನ್ನು ನಾಲ್ಕಕ್ಕೆ ಇಳಿಸಿದ್ದೆ. ಆ ವರ್ಷದ ಜೂನ್ 1ರಿಂದ ಬ್ರಿಟನ್ನಿನಲ್ಲಿ ಅಂಥವುಗಳ ಮಾರಾಟ ನಿಷೇಧವಾಗಲಿದ್ದುದರಿಂದ ಬೇರೆ ದಾರಿ ಹುಡುಕಬೇಕಾಯಿತು. ಸಾಧನದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕನ್ನಡದಲ್ಲಿ ಬರೆದದ್ದನ್ನು ಹೆಚ್ಚಾಗಿ ಓದುವವರು ಕರ್ನಾಟಕದಲ್ಲಿದ್ದಾರೆ. ಅಲ್ಲಿ 2016ರಿಂದ, ಇಡೀ ಭಾರತದಲ್ಲಿ 2019ರಿಂದ ಇ-ಸಿಗರೇಟಿಗೆ ನಿಷೇಧವಿದ್ದು, ಕೇಂದ್ರದ ಕಾಯ್ದೆಯ ಪ್ರಕಾರ ಅದರ ಜಾಹೀರಾತು ಕೂಡ ಅಪರಾಧವೇ. ಕಾನೂನು ಒಪ್ಪುವ ದೇಶದಲ್ಲಿದ್ದು, ಸಿಗರೇಟು ಬಿಡಲೆಂದೇ ಇಂಥ ಸಾಧನ ಹಿಡಿದಿರುವ ವಯಸ್ಕ ಕನ್ನಡಿಗರಿಗಾಗಿ ಈ ಬರಹ. ಸಿಗರೇಟನ್ನೇ ಮುಟ್ಟದವರು ಇದನ್ನು ಹಿಡಿಯುವುದಕ್ಕೆ ನನಗಂತೂ ಯಾವ ಕಾರಣವೂ ಕಾಣುವುದಿಲ್ಲ.

ಸಾಧನ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದವಾಗಿದೆ. 5ರಿಂದ 40 ವ್ಯಾಟ್‌ವರೆಗೆ ಏರಿಸಬಹುದಾದ ಎರಡು ಗುಂಡಿಗಳು, ಪಕ್ಕದಲ್ಲಿ ಸರಿಸಬಹುದಾದ ಗಾಳಿಕಿಂಡಿ, ಮೇಲೆ ಇಲ್ಲಿನ ಕಾನೂನಿನ ಮಿತಿಯಂತೆ 2 ಮಿ.ಲೀ. ಹಿಡಿಯುವ ಪಾಡ್, ಅಂದರೆ ಲಿಕ್ವಿಡ್ ತುಂಬುವ, ಅದನ್ನು ಕಾಯಿಸುವ ಕಾಯಿಲ್ (ತಂತಿಸುರುಳಿ) ಮತ್ತು ಹತ್ತಿ ಒಳಗಿರುವ ಡಬ್ಬಿ. ಪೆಟ್ಟಿಗೆಯಲ್ಲಿ ಕಾಯಿಲಿನ ವಿದ್ಯುತ್ ರೋಧದ ಲೆಕ್ಕದಲ್ಲಿ 0.6 ಓಮ್‌ನ ಒಂದು, 1.2 ಓಮ್‌ನ ಒಂದು ಎಂದು ಎರಡು ಪಾಡ್‌ಗಳಿದ್ದವು. ಅಂಗಡಿಯವರು 0.6 ಓಮ್‌ನದನ್ನು ಸಿಕ್ಕಿಸಿಕೊಟ್ಟು, "ಇದರಲ್ಲಿ ರುಚಿ ಚೆನ್ನಾಗಿ ಬರುತ್ತದೆ" ಎಂದರು. ಅದು ಸುಳ್ಳಲ್ಲ, ಆದರೆ ನಾನು ಹೋಗಿದ್ದು ರುಚಿಗಾಗಿ ಅಲ್ಲ. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ತಪ್ಪು ಅಂದೇ ಸಂಜೆ ಆಯಿತು. ಪಾಡ್ ಗುರುತಿಸಿದ ಸಾಧನ ತಾನಾಗಿ 20 ವ್ಯಾಟ್ ತೋರಿಸಿತು. ನಾನು 28ಕ್ಕೆ ಏರಿಸಿದೆ. ಮನೆಯಲ್ಲಿ ಹಳೆಯ ಅಭ್ಯಾಸದ ಮಿ.ಲೀ.ಗೆ 20 ಮಿ.ಗ್ರಾಂ. ನಿಕೋಟಿನ್ ಸಾಲ್ಟ್ (ಗಂಟಲಿಗೆ ಅಷ್ಟು ಘಾಟಾಗದ ನಿಕೋಟಿನ್) ಇರುವ ಲಿಕ್ವಿಡ್ ಇತ್ತು, ಅದನ್ನೇ ತುಂಬಿಸಿ ಎರಡು ದಮ್ಮು ಎಳೆದದ್ದೇ ತಲೆ ಗಿರ್ರೆಂದು ತಿರುಗಿ, ಹೊಟ್ಟೆ ತೊಳಸಿ, ಅಡುಗೆಮನೆಯ ಸಿಂಕಿನ ಅಂಚು ಹಿಡಿದು ನಿಂತೆ. ಮರುದಿನ ಅಂಗಡಿಯಲ್ಲಿ 6 ಮಿ.ಗ್ರಾಂ. ಲಿಕ್ವಿಡ್ ಕೊಟ್ಟರು. ತಲೆಸುತ್ತು ನಿಂತಿತು. ಆದರೆ ಮುಂದಿನ ಮೂರು ತಿಂಗಳು ನನ್ನ ಸುತ್ತ ಮೋಡ ಕಟ್ಟುವಷ್ಟು ಆವಿ ಬಿಡುತ್ತಾ, ದಿನಕ್ಕೆ ಆರೂವರೆ ಮಿ.ಲೀ. ಖರ್ಚು ಮಾಡುತ್ತಾ, ಊಟವಾದ ಮೇಲೆ ಮಾತ್ರ ತಪ್ಪದೆ ಒಂದು ಸಿಗರೇಟು ಹಚ್ಚುತ್ತಲೇ ಇದ್ದೆ.

ಕಾರಣ ತಿಳಿಯಲು ಒಂದು ಹಳೆಯ ನೋಟ್‌ಬುಕ್ ತೆಗೆದು ಲೆಕ್ಕ ಬರೆಯಲು ಕೂತೆ. 6 ಮಿ.ಗ್ರಾಂ.ನ ಆರೂವರೆ ಮಿ.ಲೀ. ಎಂದರೆ ದಿನಕ್ಕೆ 39 ಮಿ.ಗ್ರಾಂ. ನಿಕೋಟಿನ್ ಇರುವ ಲಿಕ್ವಿಡ್, 20 ಮಿ.ಗ್ರಾಂ.ನ ಎರಡೇ ಮಿ.ಲೀ. ಸಾಕಾದರೆ 40. ಲಿಕ್ವಿಡ್‌ನಲ್ಲಿರುವ ಮೊತ್ತ ಹೆಚ್ಚುಕಡಿಮೆ ಒಂದೇ, ಆದರೆ ಅದು ದೇಹಕ್ಕೆ ಸೇರುವ ಬಗೆ ಬೇರೆ. ಸಿಗರೇಟು ಸೇದುವವನು ಹೊಗೆಯನ್ನು ಮೊದಲು ಬಾಯಿಗೆ ಎಳೆದು ಆಮೇಲೆ ಎದೆಗೆ ಇಳಿಸುತ್ತಾನೆ. ಕಡಿಮೆ ಓಮ್‌ನ ಕಾಯಿಲ್ ಕೇಳುವುದು ಹುಕ್ಕಾದವರಂತೆ ನೇರವಾಗಿ ಎದೆಗೆ ಎಳೆಯುವ ಉದ್ದನೆಯ ದಮ್ಮನ್ನು. ಹದಿನಾರು ವರ್ಷದ ರೂಢಿ ಒಂದು, ಸಾಧನದ ಹೊಂದಾಣಿಕೆ ಇನ್ನೊಂದು ಆಗಿದ್ದರಿಂದ, ಊಟದ ನಂತರದ ಐದು ನಿಮಿಷದಲ್ಲಿ ಬೇಕಾದದ್ದು ನನಗೆ ಸಿಗುತ್ತಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ 1.2 ಓಮ್‌ನ ಪಾಡ್ ಹಾಕಿ, ಮತ್ತೆ 20 ಮಿ.ಗ್ರಾಂ. ಲಿಕ್ವಿಡ್ಡಿಗೆ ಮರಳಿದೆ. ಪಾಡ್ ಬದಲಿಸುವಾಗ ಈಗ ಯಾವ ಅವಸರವನ್ನೂ ಮಾಡುವುದಿಲ್ಲ: ಬದಿಯ ಸಣ್ಣ ರಂಧ್ರದಲ್ಲಿ ಕಾಣುವ ಬಿಳಿ ಹತ್ತಿಯ ಮೇಲೆ ಎರಡು ಹನಿ ಬಿಟ್ಟು, ಅದು ಬೂದುಬಣ್ಣಕ್ಕೆ ತಿರುಗಿದ ಮೇಲೆ ಪಾಡ್ ತುಂಬಿ, ಚಹಾ ಕುದಿಸಿ ಕುಡಿಯುವಷ್ಟು ಹೊತ್ತು, ಅಂದರೆ ಹತ್ತು ನಿಮಿಷ, ಹಾಗೇ ಬಿಡುತ್ತೇನೆ. ಹಣತೆಗೆ ಎಣ್ಣೆ ಹೊಯ್ದ ಕೂಡಲೇ ದೀಪ ಹಚ್ಚಿದರೆ ಬತ್ತಿಯೇ ಸುಟ್ಟು ಕರಕಲಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಮ್ಮೆ ಸೀದ ಹತ್ತಿಯ ವಾಸನೆ, ತಳ ಹತ್ತಿದ ಅನ್ನದ ವಾಸನೆಯ ಹಾಗೆ, ಏನು ಮಾಡಿದರೂ ಹೋಗುವುದಿಲ್ಲ. ಆ ಪಾಡನ್ನು ಬದಲಿಸುವುದೊಂದೇ ದಾರಿ.

ವ್ಯಾಟ್ ಹುಡುಕಿದ ಕ್ರಮ ಹೀಗಿತ್ತು. ಪಾಡ್ ಮೇಲೆ 10ರಿಂದ 14 ವ್ಯಾಟ್ ಎಂದು ಅಚ್ಚಾಗಿತ್ತು. 10ರಿಂದ ಆರಂಭಿಸಿ, ಪ್ರತಿ ಅರ್ಧ ವ್ಯಾಟ್‌ಗೆ ಒಂದು ಇಡೀ ದಿನ ಕೊಟ್ಟು, ಅಂದು ಸಿಗರೇಟಿನ ನೆನಪು ಎಷ್ಟು ಸಲ ಬಂತು ಎಂಬುದನ್ನು ಮಾತ್ರ ಬರೆದಿಟ್ಟೆ. 10ರಲ್ಲಿ ಆವಿ ತಣ್ಣಗೆ, ತೆಳ್ಳಗೆ ಇತ್ತು. 13.5ರಲ್ಲಿ ಗಂಟಲಿಗೆ ಘಾಟು ತಾಗಿ ಕೆಮ್ಮು ಬಂತು, ಮೂರನೆಯ ದಮ್ಮಿಗೆ ಹತ್ತಿ ಒಣಗುವ ಸೂಚನೆಯೂ ಕಂಡಿತು. 12ರಲ್ಲಿ ಬೆಚ್ಚಗಿನ ಆವಿ, ಸಿಗರೇಟಿನಷ್ಟೇ ಬಿಗಿಯಾದ ಎಳೆತ, ದಿನಕ್ಕೆ ಒಂದೇ ನೆನಪು. ಶಾಲೆಯ ಸೂತ್ರದಲ್ಲಿ ಹೇಳುವುದಾದರೆ 1.2 ಓಮ್‌ಗೆ 12 ವ್ಯಾಟ್ ಎಂದರೆ ಸುಮಾರು 3.8 ವೋಲ್ಟ್; ವ್ಯಾಟ್ ಬದಲು ವೋಲ್ಟ್ ತೋರಿಸುವ ಸಾಧನ ಇರುವವರಿಗೆ ಇದು ಉಪಯೋಗವಾಗಬಹುದು. ಗಾಳಿಕಿಂಡಿಯನ್ನು ಮುಕ್ಕಾಲು ಪಾಲು ಮುಚ್ಚಿದ್ದೇ ನಿಜವಾದ ತಿರುವು ಎಂದು ಈಗ ಅನ್ನಿಸುತ್ತದೆ: ಅದು ತೆರೆದಿದ್ದರೆ ಅದೇ 12 ವ್ಯಾಟ್ ಸಪ್ಪೆ.

ಸೆಪ್ಟೆಂಬರ್ 9ರಿಂದ ಸಿಗರೇಟು ಮುಟ್ಟಿಲ್ಲ.

ಲಿಕ್ವಿಡ್‌ನ ವಿಷಯದಲ್ಲಿ ಒಂದೆರಡು ಮಾತು. 1.2 ಓಮ್‌ನ ಸಣ್ಣ ರಂಧ್ರಗಳಿಗೆ ಪಿಜಿ (ಪ್ರೊಪಿಲೀನ್ ಗ್ಲೈಕಾಲ್), ವಿಜಿ (ಸಸ್ಯಜನ್ಯ ಗ್ಲಿಸರಿನ್) ಎರಡೂ ಅರ್ಧರ್ಧ ಇರುವ ತೆಳು ಲಿಕ್ವಿಡ್ಡೇ ಬೇಕು. ವಿಜಿ ಶೇ. 70ರಷ್ಟಿರುವ ದಪ್ಪನೆಯದು ಹತ್ತಿಗೆ ಬೇಗ ಇಳಿಯುವುದಿಲ್ಲ, ಜನವರಿಯ ಚಳಿಯಲ್ಲಂತೂ ಜೇನಿನಂತಾಗುತ್ತದೆ. ಮಾವಿನ ಸಿಹಿ ರುಚಿಯ ಬಾಟಲಿಯೊಂದು ಪಾಡನ್ನು ಐದೇ ದಿನಕ್ಕೆ ಕೆಡಿಸಿತು: ಲಿಕ್ವಿಡ್‌ನ ಸಿಹಿ ಅಂಶ ಕಾಯಿಲ್ ಮೇಲೆ ಕಪ್ಪಗೆ ಗಟ್ಟಿಕಟ್ಟುತ್ತದೆ. ಸಿಹಿಯಿಲ್ಲದ ಪುದೀನ ರುಚಿಯಲ್ಲಿ ಅದೇ ಬಗೆಯ ಪಾಡ್ ಹದಿಮೂರು ದಿನ ಬಂತು. ಮಾವಿನ ಹಣ್ಣನ್ನು ತಿನ್ನುವುದೇ ಲೇಸು.

ಸಾಧನದ ದೋಷಗಳೂ ಇವೆ. ವ್ಯಾಟ್ ಗುಂಡಿಗಳು ಬದಿಯಲ್ಲಿ ಉಬ್ಬಿಕೊಂಡಿರುವುದರಿಂದ ಜೇಬಿನಲ್ಲಿ ತಾವಾಗಿಯೇ ಒತ್ತಿಹೋಗುತ್ತವೆ. ಅಕ್ಟೋಬರ್‌ನಲ್ಲಿ ಒಂದು ದಿನ ಬಸ್ಸಿಳಿದು ನೋಡದೆ ಎಳೆದಾಗ ಪರದೆಯಲ್ಲಿ 31 ಇತ್ತು, ಎರಡು ದಿನದ ಹೊಸ ಪಾಡ್ ಹೋಯಿತು. ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಬೀಗ ಬೀಳುತ್ತದೆ ಎಂಬ ಮಾತು ಕೈಪಿಡಿಯ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಪಾಡ್ ತಳದಲ್ಲಿ ತೇವ ಕೂಡುತ್ತದೆ. ವಾರಕ್ಕೆರಡು ಸಲ ಒರೆಸದಿದ್ದರೆ ಸಾಧನ ಪಾಡನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ. ಬ್ಯಾಟರಿ ಬಗ್ಗೆ ದೂರಿಲ್ಲ: 28 ವ್ಯಾಟ್‌ನಲ್ಲಿ ಮಧ್ಯಾಹ್ನಕ್ಕೇ ಮುಗಿಯುತ್ತಿದ್ದದ್ದು ಈಗ ಎರಡು ದಿನ ಬರುತ್ತದೆ.

ಡಿಸೆಂಬರ್‌ನಲ್ಲಿ ಮೂರು ವಾರ ಹಾಸನಕ್ಕೆ ಹೋದಾಗ ಸಾಧನವನ್ನು ಇಲ್ಲೇ ಮೇಜಿನ ಡ್ರಾಯರ್‌ನಲ್ಲಿಟ್ಟೆ, ಏಕೆಂದರೆ ಭಾರತಕ್ಕೆ ಅದನ್ನು ಒಯ್ಯುವಂತಿಲ್ಲ. ಅಲ್ಲಿ ಔಷಧಿ ಅಂಗಡಿಯ 2 ಮಿ.ಗ್ರಾಂ. ನಿಕೋಟಿನ್ ಚೂಯಿಂಗ್ ಗಮ್ ಕೈಹಿಡಿಯಿತು. ಮರಳಿ ಬಂದ ಮೇಲೆ 20ರ ಬದಲು 10 ಮಿ.ಗ್ರಾಂ.ಗೆ ಇಳಿದೆ. ಮೊದಲ ವಾರ ಸಾಲದೆನಿಸಿ ಬೆರಳು ವ್ಯಾಟ್ ಗುಂಡಿಯತ್ತ ಹೋಗುತ್ತಿತ್ತು. ಹಾಗೆ ಏರಿಸಿದರೆ ಇಳಿಸಿದ ನಿಕೋಟಿನನ್ನು ಇನ್ನೊಂದು ಬಾಗಿಲಿನಿಂದ ಒಳಕ್ಕೆ ಕರೆದಂತೆ ಎಂದು 12ರಲ್ಲೇ ಬೀಗ ಹಾಕಿಟ್ಟೆ. ದಿನದ ಖರ್ಚು ಮೂರು ಮಿ.ಲೀ.ಗೆ ಏರಿ, ಈಗ ಎರಡೂವರೆಗೆ ನಿಂತಿದೆ. 2026ರ ಅಕ್ಟೋಬರ್ 1ರಿಂದ ಇಲ್ಲಿ ಪ್ರತಿ 10 ಮಿ.ಲೀ. ಲಿಕ್ವಿಡ್‌ಗೆ 2.20 ಪೌಂಡ್ ಸುಂಕ ಬೀಳಲಿದೆ. ಅಷ್ಟರೊಳಗೆ ಇನ್ನೂ ಇಳಿಯಬೇಕೆಂದು 5 ಮಿ.ಗ್ರಾಂ.ನ ಬಾಟಲಿಯೊಂದನ್ನು ತಂದಿಟ್ಟಿದ್ದೇನೆ, ಅದರ ಸೀಲು ಇನ್ನೂ ಒಡೆದಿಲ್ಲ.