ಡೊರಿಕೊದಲ್ಲಿ ಟ್ಯೂಪ್ಲೆಟ್ ಬರವಣಿಗೆ: ಆರು ವರ್ಷಗಳ ಬಳಕೆಯ ನಂತರ

ಒಂದು ಕ್ರಾಚೆಟ್‌ನ (ಪಾಶ್ಚಾತ್ಯ ಸ್ವರಲಿಪಿಯಲ್ಲಿ ಸಾಮಾನ್ಯವಾಗಿ ಒಂದು ಬೀಟ್‌ನ ಸ್ವರ) ಅವಧಿಯಲ್ಲಿ, ನಾಲ್ಕರ ಬದಲು ಐದು ಸೆಮಿಕ್ವೇವರ್‌ಗಳನ್ನು (ಕ್ರಾಚೆಟ್‌ನ ಕಾಲುಭಾಗದ ಸ್ವರಗಳನ್ನು) ಕೂರಿಸಿ, ಮೊದಲನೆಯದನ್ನು ಬಿಟ್ಟು ಉಳಿದ ನಾಲ್ಕನ್ನೂ ಒಂದೇ ಸ್ವರವಾಗಿ ಹಿಡಿಯುವುದಾದರೆ, ಲೆಕ್ಕದ ಪ್ರಕಾರ ಆ ಸ್ವರವನ್ನು ಕ್ರಾಚೆಟ್ ಆಗಿಯೇ ಬರೆಯಬೇಕಾಗುತ್ತದೆ. ಹೀಗೆ ಒಂದು ಅವಧಿಯಲ್ಲಿ ಮಾಮೂಲಿಗಿಂತ ಬೇರೆ ಸಂಖ್ಯೆಯ ಸ್ವರಗಳನ್ನು ಕೂರಿಸಿ ಬ್ರಾಕೆಟ್ ಹಾಕಿದ ಗುಂಪೇ ಟ್ಯೂಪ್ಲೆಟ್. ಇಲ್ಲಿ ಇಡೀ ಬ್ರಾಕೆಟ್ಟಿನ ಉದ್ದವೇ ಒಂದು ಕ್ರಾಚೆಟ್. ಅದರೊಳಗೆ ಒಂದು ಸೆಮಿಕ್ವೇವರ್, ಪಕ್ಕದಲ್ಲಿ ಮತ್ತೊಂದು ಕ್ರಾಚೆಟ್! ನಿಮಿಷಕ್ಕೆ 60 ಬೀಟ್‌ಗಳ ವೇಗದಲ್ಲಿ ಆ ಸ್ವರ ನುಡಿಯುವುದು 0.8 ಸೆಕೆಂಡು ಮಾತ್ರ, ಆದರೆ ಪುಟವನ್ನು ಮೊದಲ ಬಾರಿ ನೋಡುವ ವಾದಕರ ಕಣ್ಣಿಗೆ ಅದು ಪೂರ್ತಿ ಒಂದು ಬೀಟ್‌ನಂತೆ ಕಾಣುತ್ತದೆ. ಅದನ್ನೇ ಎರಡು ಕ್ವೇವರ್‌ಗಳಾಗಿ (ಅರ್ಧ ಕ್ರಾಚೆಟ್‌ನ ಸ್ವರಗಳಾಗಿ) ಒಡೆದು ಟೈ (ಎರಡು ಚಿಹ್ನೆಗಳನ್ನು ಒಂದೇ ಸ್ವರವಾಗಿ ಬೆಸೆಯುವ ಕಮಾನುಗೆರೆ) ಹಾಕಿ ಬರೆದರೆ ಕೇಳುವುದರಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗುವುದಿಲ್ಲ, ಓದುವುದರಲ್ಲಿ ಮಾತ್ರ ಬಹಳ ವ್ಯತ್ಯಾಸವಾಗುತ್ತದೆ. ಈ ಎರಡು ಬರಹಗಳಲ್ಲಿ ಯಾವುದು ಬೇಕೆಂಬುದನ್ನು ಡೊರಿಕೊ ಎಂಬ ಸ್ವರಲಿಪಿ ತಂತ್ರಾಂಶ ನಿರ್ಧರಿಸಬೇಕೋ ನಾನು ನಿರ್ಧರಿಸಬೇಕೋ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸ್ಟೈನ್‌ಬರ್ಗ್ ಸಂಸ್ಥೆಯ ಡೊರಿಕೊ ಮೊದಲು ಬಿಡುಗಡೆಯಾದದ್ದು 2016ರಲ್ಲಿ. ನಾನು ಅದನ್ನು ಬಳಸಲು ತೊಡಗಿದ್ದು 2019ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ. (ಹದಿನಾರನೆಯ ಶತಮಾನದಲ್ಲಿ ರೋಮ್‌ನಲ್ಲಿ ಸಂಗೀತ ಮುದ್ರಿಸುತ್ತಿದ್ದ ವಲೇರಿಯೊ ದೋರಿಕೊನ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ.) ಇದರಲ್ಲಿ ಸ್ವರದ ಅವಧಿ ಬೇರೆ, ಆ ಅವಧಿಯನ್ನು ಪುಟದಲ್ಲಿ ತೋರಿಸುವ ರೂಪ ಬೇರೆ. ಸ್ವರ ಎಲ್ಲಿ ಆರಂಭವಾಗಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನಾವು ಹೇಳುತ್ತೇವೆ. ಅದನ್ನು ಒಂದೇ ಚಿಹ್ನೆಯಾಗಿ ಬರೆಯಬೇಕೇ, ಒಡೆದು ಟೈ ಹಾಕಬೇಕೇ ಎಂಬುದನ್ನು ತಂತ್ರಾಂಶವು ತಾಳಸೂಚಿಯನ್ನೂ ಬಾರ್‌ನೊಳಗಿನ (ತಾಳದ ಒಂದು ಆವರ್ತದೊಳಗಿನ) ಸ್ಥಾನವನ್ನೂ ನೋಡಿ ತೀರ್ಮಾನಿಸುತ್ತದೆ. ಲಿಲಿಪಾಂಡ್‌ನಂತಹ ಪಠ್ಯ ಆಧಾರಿತ ತಂತ್ರಾಂಶದಲ್ಲಿ ನಾವು ಬರೆದ ಅವಧಿಯೇ ಹಾಗೆಯೇ ಮೂಡುವುದರಿಂದ, ಅಲ್ಲಿಂದ ಬಂದವರಿಗೆ ಇದು ಮೊದಮೊದಲು ಕೈ ಕಟ್ಟಿದಂತೆ ಅನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು.

ಟ್ಯೂಪ್ಲೆಟ್ ಹಾಕುವ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೆಮಿಕೋಲನ್ ಕೀ ಒತ್ತಿ 3:2 (ಎರಡರ ಜಾಗದಲ್ಲಿ ಮೂರು) ಅಥವಾ 5:4 ಎಂದು ಅನುಪಾತ ಬರೆದರೆ ಸಾಕು, ಕೋಲನ್ ಒತ್ತುವವರೆಗೆ ಬರುವ ಸ್ವರಗಳೆಲ್ಲ ಅದೇ ಅನುಪಾತದಲ್ಲಿ ಸಾಗುತ್ತವೆ. ನಿಜವಾದ ಹಿಡಿತ ಸಿಗುವುದು ‘ಓ’ ಕೀಯಲ್ಲಿರುವ ಫೋರ್ಸ್ ಡ್ಯುರೇಷನ್‌ನಿಂದ. ಅದನ್ನು ಚಾಲೂ ಮಾಡಿ ಬರೆದ ಸ್ವರವನ್ನು ಡೊರಿಕೊ ತನ್ನ ನಿಯಮಗಳಿಗೆ ಒಗ್ಗಿಸಲು ಹೋಗದೆ, ನಾವು ಆರಿಸಿದ ರೂಪದಲ್ಲಿಯೇ ಉಳಿಸಿಕೊಳ್ಳುತ್ತದೆ.

ಇದರ ಬೆಲೆ ನನಗೆ ತಿಳಿದದ್ದು ಮಿನಿಮ್ (ಎರಡು ಕ್ರಾಚೆಟ್‌ಗಳ ಉದ್ದದ ಸ್ವರ) ಒಂದರಲ್ಲಿ ಮೂರು ಕ್ರಾಚೆಟ್‌ಗಳಿರುವ ಟ್ರಿಪ್ಲೆಟ್‌ನಲ್ಲಿ. ಅದರಲ್ಲಿ ಆರು ಕ್ವೇವರ್‌ಗಳ ಜಾಗವಿರುತ್ತದೆ. ಕ್ವೇವರ್, ಕ್ರಾಚೆಟ್, ಕ್ರಾಚೆಟ್, ಕ್ವೇವರ್ ಎಂದು ನಾಲ್ಕು ಚಿಹ್ನೆಗಳಲ್ಲಿ ಬರೆದರೆ ಪುಟ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಟ್ರಿಪ್ಲೆಟ್‌ನ ಎರಡನೆಯ ಮತ್ತು ಮೂರನೆಯ ಬೀಟ್‌ಗಳು ಕ್ರಾಚೆಟ್‌ಗಳ ಹೊಟ್ಟೆಯಲ್ಲಿ ಅಡಗಿಹೋಗುತ್ತವೆ. ಎರಡು ಕ್ರಾಚೆಟ್‌ಗಳನ್ನೂ ಟೈ ಹಾಕಿದ ಕ್ವೇವರ್ ಜೋಡಿಗಳಾಗಿ ಒಡೆದರೆ ಚಿಹ್ನೆಗಳು ಆರಾಗುತ್ತವೆ, ಪುಟ ತುಸು ಗಿಜಿಗುಟ್ಟುತ್ತದೆ, ಆದರೆ ಮೂರು ಬೀಟ್‌ಗಳೂ ಕಣ್ಣಿಗೆ ಬೀಳುತ್ತವೆ. ಸಾಧಾರಣ ಲಯದಲ್ಲಿ ಮೊದಲನೆಯ ಆಕಾರವನ್ನು ಯಾರೂ ಯೋಚಿಸದೆ ಓದುತ್ತಾರೆ. ಈಗಾಗಲೇ ಬೀಟ್‌ಗೆ ಅಡ್ಡಲಾಗಿ ಓಡುವ ಟ್ರಿಪ್ಲೆಟ್‌ನೊಳಗೆ ಅದೇ ಆಕಾರ ಬಂದಾಗ ಒಂದು ಕ್ಷಣ ತಡವರಿಸುತ್ತಾರೆ. ವೃಂದಗಾಯಕರಿಗೆ ಕೊಡುವ ಪ್ರತಿಯಲ್ಲಿ ನಾನು ಒಡೆದ ರೂಪವನ್ನೂ, ಡ್ರಮ್ ನುಡಿಸುವವರ ಪ್ರತಿಯಲ್ಲಿ ನಾಲ್ಕು ಚಿಹ್ನೆಗಳ ರೂಪವನ್ನೂ ಇಡುತ್ತೇನೆ. ಇಂಥ ತೀರ್ಮಾನವನ್ನು ಯಾವ ನಿಯಮಾವಳಿಯೂ ನನ್ನ ಪರವಾಗಿ ಕೈಗೊಳ್ಳಲಾರದು. ಒಡೆಯಬೇಕಾದಾಗ ಬರೆಯುವಾಗಲೇ ಫೋರ್ಸ್ ಡ್ಯುರೇಷನ್ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ.

ಈ ಸೌಲಭ್ಯದ ರುಚಿ ಹತ್ತಿದ ಮೇಲೆ ನಾನು ಅತಿಗೆ ಹೋದೆ. ಟ್ಯೂಪ್ಲೆಟ್ ಮುಗಿದ ಮೇಲೂ ಫೋರ್ಸ್ ಡ್ಯುರೇಷನ್ ಅನ್ನು ನಿಲ್ಲಿಸದೆ, ಅಕ್ಕಪಕ್ಕದ ಸಾಧಾರಣ ಸ್ವರಗಳನ್ನೂ ಒತ್ತಾಯದಿಂದಲೇ ಬರೆಯುತ್ತಾ ಹೋದದ್ದು ನನ್ನದೇ ತಪ್ಪು. 3/4ರಲ್ಲಿದ್ದ (ಬಾರ್‌ಗೆ ಮೂರು ಕ್ರಾಚೆಟ್) ಒಂದು ಭಾಗವನ್ನು ಮುಂದೆ 6/8ಕ್ಕೆ (ಬಾರ್‌ಗೆ ಮೂರು ಮೂರು ಕ್ವೇವರ್‌ಗಳ ಎರಡು ಗುಂಪು) ಬದಲಾಯಿಸಿದಾಗ ಅದರ ಪರಿಣಾಮ ಗೊತ್ತಾಯಿತು. ಬಾರ್‌ನಲ್ಲಿ ಮೂರು ಕ್ರಾಚೆಟ್‌ಗಳಿದ್ದ ಕಡೆ, ಒತ್ತಾಯವಿಲ್ಲದ ಬಾರ್‌ಗಳಲ್ಲಿ ನಡುವಿನ ಕ್ರಾಚೆಟ್ ತಾನಾಗಿಯೇ ಎರಡು ಕ್ವೇವರ್‌ಗಳಾಗಿ ಒಡೆದು ಬಾರ್‌ನ ಮಧ್ಯಭಾಗವನ್ನು ತೋರಿಸಿತು. ನಾನು ಬಿಗಿದಿಟ್ಟಿದ್ದ ಬಾರ್‌ಗಳು ಮಾತ್ರ 3/4ರ ವೇಷದಲ್ಲಿಯೇ ನಿಂತಿದ್ದವು. ತಂತ್ರಾಂಶ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿತ್ತು, ಅಷ್ಟೇ. ಅಂಥ ಸ್ವರಗಳನ್ನು ಒಂದೊಂದಾಗಿ ಹುಡುಕಿ ಸಡಿಲಿಸುವುದರಲ್ಲಿ ಒಂದು ಸಂಜೆ ಕಳೆಯಿತು. ಇಡೀ ಕೃತಿಗೆ ಅನ್ವಯವಾಗುವ ರೂಢಿಗಳನ್ನು ನೊಟೇಷನ್ ಆಪ್ಷನ್ಸ್‌ನ ನೋಟ್ ಗ್ರೂಪಿಂಗ್ ಪುಟದಲ್ಲಿ ಮೊದಲೇ ಹೊಂದಿಸಿ, ಅದಕ್ಕೂ ಬಗ್ಗದ ಕಡೆಗೆ ಮಾತ್ರ ಒತ್ತಾಯವನ್ನು ಮೀಸಲಿಡುವುದು ಅಂದಿನಿಂದ ನನ್ನ ಪದ್ಧತಿಯಾಗಿದೆ.

ರೆಸ್ಟ್‌ಗಳಿಗೂ (ಮೌನದ ಚಿಹ್ನೆಗಳಿಗೂ) ಇದೇ ಮಾತು ಸಲ್ಲುತ್ತದೆ. ಕ್ವೇವರ್ ಟ್ರಿಪ್ಲೆಟ್‌ನಲ್ಲಿ ಮೊದಲ ಸ್ವರದ ನಂತರ ಮೌನವಿದ್ದರೆ ಒಂದು ಕ್ರಾಚೆಟ್ ರೆಸ್ಟ್ ಸಾಕಾಗುತ್ತದೆ, ಆದರೆ ಮುಂದಿನ ಟ್ರಿಪ್ಲೆಟ್ ಮೂರನೆಯ ಸ್ವರದಿಂದ ಎದ್ದುಬರುವುದಾದರೆ ಎರಡು ಕ್ವೇವರ್ ರೆಸ್ಟ್‌ಗಳೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಎಣಿಸಲು ಅವು ಕೈಗೆ ಸಿಗುತ್ತವೆ.

ಬೀಮ್‌ಗಳ (ಸ್ವರಗಳ ಕಡ್ಡಿಗಳನ್ನು ಜೋಡಿಸುವ ದಪ್ಪ ಗೆರೆಗಳ) ವಿಷಯಕ್ಕೆ ಬಂದರೆ, ಆರು ಸೆಮಿಕ್ವೇವರ್‌ಗಳ ಗುಂಪು ಮೂರರ ಎರಡು ತುಂಡುಗಳೋ ಎರಡರ ಮೂರು ತುಂಡುಗಳೋ ಎಂಬುದನ್ನು ಒಳಗಿನ ಬೀಮ್ ಕಡಿಯುವ ಜಾಗವೇ ಹೇಳಬೇಕು. ಅದಕ್ಕೆ ಪ್ರಾಪರ್ಟೀಸ್ ಫಲಕದಲ್ಲಿ ಪ್ರತ್ಯೇಕ ಆಯ್ಕೆಯಿದೆ. ಒಂದು ಬೀಟ್‌ನಲ್ಲಿ ಏಳು ಸ್ವರಗಳು ಬಂದಾಗ ಮತ್ತೊಂದು ಗೊಂದಲ ಹುಟ್ಟುತ್ತದೆ: 7:4 ಎಂದರೆ ಎರಡು ಬೀಮ್‌ಗಳ ಸೆಮಿಕ್ವೇವರ್‌ಗಳು, 7:8 ಎಂದರೆ ಮೂರು ಬೀಮ್‌ಗಳ ಡೆಮಿಸೆಮಿಕ್ವೇವರ್‌ಗಳು (ಸೆಮಿಕ್ವೇವರ್‌ನ ಅರ್ಧದ ಸ್ವರಗಳು), ನುಡಿಯುವ ವೇಗ ಮಾತ್ರ ಎರಡರಲ್ಲೂ ಒಂದೇ. ನಾನು 7:4 ಅನ್ನು ಆರಿಸಿ, ಬ್ರಾಕೆಟ್ಟಿನ ಮೇಲೆ ಬರಿಯ 7ರ ಬದಲು ಅನುಪಾತವನ್ನೇ ತೋರಿಸುತ್ತೇನೆ, ಏಕೆಂದರೆ ಇನ್ನೊಂದು ರೂಢಿಯಲ್ಲಿ ಪಳಗಿದವರಿಗೆ ಬರಿಯ 7 ಕಂಡರೆ ಮೂರನೆಯ ಬೀಮ್ ಎಲ್ಲಿ ಹೋಯಿತೆಂಬ ಅನುಮಾನ ಬರುತ್ತದೆ.