ಮೂರು ಅಕಾಡೆಮಿಗಳ ಸಮ್ಮರ್ ಫೆಲೋಶಿಪ್: ನನ್ನ ಅನುಭವ

"ಫೀಸ್ ಎಷ್ಟಮ್ಮ?" ಅಂತ ಅಪ್ಪ ಕೇಳಿದರು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಫೆಲೋಶಿಪ್‌ನವರೇ ನಮಗೆ ದುಡ್ಡು ಕೊಡುತ್ತಾರೆ ಅಂದರೆ ಅಪ್ಪ ನಂಬಲಿಲ್ಲ.

ಬೆಂಗಳೂರು, ದೆಹಲಿ, ಪ್ರಯಾಗ್‌ರಾಜ್‌ನ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಫೆಲೋಶಿಪ್ ಇದು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ. ಸ್ಟೈಪೆಂಡ್ ಜೊತೆಗೆ ರೈಲು ಚಾರ್ಜೂ ಸಿಗುತ್ತದೆ. ನನಗೆ ಬಂದಿದ್ದು ಕೈಬರಹದ ಕನ್ನಡ ಅಕ್ಷರ ಗುರುತಿಸಲು ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ, ಅಂದರೆ ಮಾಡೆಲ್ ಮಾಡುವ ಕೆಲಸ. ಡೇಟಾ ಸರಿಮಾಡುವುದರಲ್ಲೇ ಜಾಸ್ತಿ ಸಮಯ ಹೋಯಿತು. ಒತ್ತಕ್ಷರ ಬಂದರೆ ಮಾಡೆಲ್ ಮುಗ್ಗರಿಸುತ್ತಿತ್ತು, ಪಾಪ! ಓವರ್‌ಫಿಟಿಂಗ್ (ಕಲಿಸಿದ ಉದಾಹರಣೆಗಳನ್ನು ಬಾಯಿಪಾಠ ಮಾಡಿ, ಹೊಸದು ಬಂದಾಗ ತಪ್ಪುವುದು) ಅಂದರೇನು ಅಂತ ಅಲ್ಲೇ ಅರ್ಥವಾಗಿದ್ದು.

ತಲೆನೋವು ಅಂದರೆ ಅರ್ಜಿಗೆ ಬೇಕಾದ ಮೇಷ್ಟ್ರ ಶಿಫಾರಸು ಪತ್ರ. ನಮ್ಮ ಕಾಲೇಜಲ್ಲಿ ಈ ಫೆಲೋಶಿಪ್ ಹೆಸರೇ ಯಾರೂ ಕೇಳಿರಲಿಲ್ಲ. ಬೇಸಿಗೆಯ ಫೆಲೋಶಿಪ್‌ಗೆ ಹಿಂದಿನ ವರ್ಷವೇ ಅರ್ಜಿ ಹಾಕಬೇಕು. ದಸರಾ ಹೊತ್ತಿಗೇ ಮೇಷ್ಟ್ರನ್ನು ಹಿಡಿದುಕೊಳ್ಳಿ.