ಹೌಸ್ ಸರ್ಜನ್‌ಗಳ ತರಬೇತಿ: ಬೆಳಗ್ಗೆಗೆ ಎರಡು ಸ್ಟಾರ್, ಮಧ್ಯಾಹ್ನಕ್ಕೆ ಐದು

ನಿದ್ದೆ ಮಾತ್ರೆ, ನೋವಿನ ಮಾತ್ರೆಗಳ ಚಟದ ಬಗ್ಗೆ ಹೌಸ್ ಸರ್ಜನ್‌ಗಳಿಗೆ, ಅಂದರೆ ಎಂಬಿಬಿಎಸ್ ಓದು ಮುಗಿಸಿ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿರುವ ನಮಗೆ, ಮಂಗಳೂರಿನಲ್ಲಿ ಒಂದು ದಿನದ ತರಬೇತಿ ಇತ್ತು. ಹಾಜರಿ ಕಡ್ಡಾಯ, ಹಾಗಾಗಿ ಹೋದೆ.

ಬೆಳಗ್ಗೆ ಪೂರ್ತಿ ಕಾನೂನು. 1985ರ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ, 2018ರಲ್ಲಿ ಟ್ರಮಡಾಲ್ ಎಂಬ ನೋವಿನ ಮಾತ್ರೆ ಅದರೊಳಗೆ ಸೇರಿದ್ದು, ಶೆಡ್ಯೂಲ್ ಎಚ್1 (ಮೆಡಿಕಲ್ ಶಾಪಿನವರು ಮಾರಿದ ಲೆಕ್ಕ ಬರೆದಿಡಬೇಕಾದ ಮದ್ದುಗಳ ಪಟ್ಟಿ). ಬೇಕಾದ ವಿಷಯವೇ. ಆದರೆ ಸ್ಲೈಡ್ ನೋಡಿ ಓದುವುದಾದರೆ ಸುಮ್ನೆ ಪಿಡಿಎಫ್ ಕಳಿಸಬಹುದಿತ್ತು ಅಲ್ವಾ? ನೈಟ್ ಡ್ಯೂಟಿ ಮುಗಿಸಿ ಬಂದವರು ಯಾವ ಮಾತ್ರೆಯೂ ಇಲ್ಲದೆ ಚೆನ್ನಾಗಿ ನಿದ್ದೆ ಮಾಡಿದರು.

ಕೋರಿ ರೊಟ್ಟಿ ಊಟದ ನಂತರ ಮೆಡಿಕಲ್ ಶಾಪಿನವರೊಬ್ಬರು ಎಚ್1 ರಿಜಿಸ್ಟರ್ ಹಿಡಿದುಕೊಂಡು ಬಂದರು. ರೋಗಿಗಳ ಹೆಸರಿನ ಮೇಲೆ ಕಾಗದ ಅಂಟಿಸಿದ್ದರು. ಅಲ್ಪ್ರಾಜೋಲಮ್, ಜೋಲ್ಪಿಡೆಮ್ ಥರದ ನಿದ್ದೆ ಮಾತ್ರೆ ಕೊಟ್ಟರೆ ಬರೆದ ಡಾಕ್ಟರ್ ಯಾರು, ಯಾರಿಗೆ, ಎಷ್ಟು ಅಂತ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕಂತೆ. ಆಮೇಲೆ ಒಂದು ಚೀಟಿ ತೋರಿಸಿದರು. ಡಾಕ್ಟರ್ ಬರೆದದ್ದು 10 ಮಾತ್ರೆ. ಪಕ್ಕದಲ್ಲಿ ಇನ್ನೊಂದು ಸೊನ್ನೆ, ಇಂಕು ಸ್ವಲ್ಪ ತಿಳಿ. “ಹತ್ತು ಅಂತ ಅಕ್ಷರದಲ್ಲೂ ಬರೆಯಿರಿ ಡಾಕ್ಟ್ರೇ, ಕೊನೆಯ ಮದ್ದಿನ ಕೆಳಗೆ ಒಂದು ಗೆರೆ ಎಳೆಯಿರಿ. ಕೌಂಟರಿನಲ್ಲಿ ನಮಗೆ ಅರ್ಧ ಜಗಳ ಕಮ್ಮಿ” ಅಂದರು. ಇಷ್ಟು ವರ್ಷ ಓದಿದರೂ ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ರೋಲ್ ಪ್ಲೇ. ರೋಗಿಯ ಪಾತ್ರಕ್ಕೆ ಹಿರಿಯ ಸಿಸ್ಟರ್ ಒಬ್ಬರು. “ಡಾಕ್ಟ್ರೇ, ನಿದ್ರೆ ಬರ್ಪುಜಿ” (ನಿದ್ದೆ ಬರುವುದಿಲ್ಲ) ಅಂತ ತುಳುವಿನಲ್ಲಿ ಶುರು ಮಾಡಿದರು. ನನ್ನ ಗೆಳೆಯ ಒಂದೇ ಮಾತಿಗೆ ಮಾತ್ರೆ ಕೊಡುವುದಿಲ್ಲ ಅಂದ. ಅವರು ಅತ್ತರು, ಆಮೇಲೆ ಚೆನ್ನಾಗಿ ಬೈದರು. ಸೈಕಿಯಾಟ್ರಿ ಮೇಡಂ ತಡೆದು, “ಎಷ್ಟು ಸಮಯದಿಂದ ತಗೊಳ್ತಿದ್ದಾರೆ, ಮೊದಲು ಕೇಳು” ಅಂದರು. ವರ್ಷಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಡೋಸ್ ನಿಧಾನವಾಗಿ ಇಳಿಸಬೇಕು. ಶುರು ಮಾಡಿದ್ದು ಯಾರು ಅಂತ ಕೇಳಿದಾಗ ಸಿಸ್ಟರ್ ಹೇಳಿದ್ದು: “ಆಪರೇಷನ್ ಆದಾಗ ಇಲ್ಲಿಯ ಡಾಕ್ಟ್ರೇ ಬರೆದದ್ದಲ್ವಾ? ನಿಲ್ಲಿಸಿ ಅಂತ ಯಾರೂ ಹೇಳ್ಲಿಲ್ಲ.” ಹಾಲ್ ನಗಲಿಲ್ಲ. ರೋಗಿಯನ್ನು ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಸಮ್ಮರಿ ಬರೆಯುವವರು ನಾವೇ ತಾನೇ.

ದೂರು ಎರಡಿದೆ. ಬೆಳಗ್ಗಿನ ಭಾಷಣ ಜಾಸ್ತಿಯಾಗಿ ರೋಲ್ ಪ್ಲೇ ಕೆಲವರಿಗಷ್ಟೇ ಸಿಕ್ಕಿತು. ನನ್ನ ಸರದಿ ಬರಲೇ ಇಲ್ಲ. ಇನ್ನೊಂದು ದೊಡ್ಡದು: ಡ್ಯೂಟಿ ರೂಮಿನ ಸ್ಯಾಂಪಲ್ ಮಾತ್ರೆಗಳ ಡಬ್ಬಿಗೆ ಕೈ ಹಾಕುವ ನಮ್ಮ ಬಗ್ಗೆ ಇಡೀ ದಿನ ಒಂದು ಮಾತೂ ಬರಲಿಲ್ಲ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಬರೆದುಕೊಟ್ಟಿದ್ದೇನೆ.

ಮುಂದಿನ ಬ್ಯಾಚಿನವರು ಊಟ ಆದ ಕೂಡಲೇ ಮುಂದಿನ ಸಾಲು ಹಿಡಿಯಿರಿ. ರೋಲ್ ಪ್ಲೇಗೆ ಅಲ್ಲಿಂದಲೇ ಕರೆಯುತ್ತಾರೆ.